ಪ್ಯಾರಾಮೀಟರ್ ಎಷ್ಟೆಂದು ಕರೆಯುವ ಪ್ರೋಗ್ರಾಮೇ ಹೇಳಲಿ

ಮಾನ್ಯ ಸಂಪಾದಕರೇ,

ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರ್ ಕಲಿಯಲು ಬಂದ ಹೊಸಬರಿಗೆ ಕೋಬಾಲ್ ಭಾಷೆಯ ಕಾಲ್ ಸ್ಟೇಟ್‌ಮೆಂಟ್, ಅಂದರೆ ಒಂದು ಪ್ರೋಗ್ರಾಂ ಇನ್ನೊಂದನ್ನು ಕರೆಯುವ ಆಜ್ಞೆ, ಹೇಳಿಕೊಡುವಾಗ ಸಾಮಾನ್ಯವಾಗಿ ಒಂದೇ ಮಾತಿನಲ್ಲಿ ಪಾಠ ಮುಗಿಯುತ್ತದೆ. ಕರೆಯುವ ಕಡೆ ಯೂಸಿಂಗ್‌ನಲ್ಲಿ, ಅಂದರೆ ಕಳಿಸುವ ಡೇಟಾಗಳ (ಪ್ಯಾರಾಮೀಟರ್‌ಗಳ) ಪಟ್ಟಿಯಲ್ಲಿ, ಎಷ್ಟು ಹೆಸರುಗಳಿವೆಯೋ ಕರೆಸಿಕೊಳ್ಳುವ ಸಬ್‌ರೂಟೀನ್ ಕಡೆಯೂ ಅಷ್ಟೇ ಇರಬೇಕು, ಅದೇ ಕ್ರಮದಲ್ಲಿರಬೇಕು ಎಂಬುದೇ ಆ ಮಾತು. ಮಾತು ಸರಿ. ಆದರೆ ನಿಜವಾದ ಕೆಲಸದಲ್ಲಿ ಅದು ಬಹಳ ಕಾಲ ನಿಲ್ಲುವುದಿಲ್ಲ. ನೂರಾರು ಪ್ರೋಗ್ರಾಂಗಳು ಬಳಸುವ ಹಳೆಯ ಸಬ್‌ರೂಟೀನ್‌ಗೆ ಒಂದು ದಿನ ಹೊಸ ಪ್ಯಾರಾಮೀಟರ್ ಸೇರಿಸಬೇಕಾಗುತ್ತದೆ. ಅಷ್ಟೂ ಪ್ರೋಗ್ರಾಂಗಳನ್ನು ಅದೇ ದಿನ ಬದಲಿಸಿ ಕಂಪೈಲ್ ಮಾಡಲು ಯಾರಿಗೂ ಆಗುವುದಿಲ್ಲ. ಹಾಗಾಗಿ ಕೆಲವರು ಎರಡು ಕಳಿಸುತ್ತಾರೆ, ಕೆಲವರು ಮೂರು. ಪ್ಯಾರಾಮೀಟರ್‌ಗಳ ಸಂಖ್ಯೆ ಬದಲಾಗುವುದು ಹೀಗೆಯೇ ಶುರುವಾಗುತ್ತದೆ. ಈ ಘಟ್ಟದಲ್ಲಿ ಏನು ಮಾಡಬೇಕು, ಏನು ಮಾಡಬಾರದು ಎಂಬುದು ಕನ್ನಡದಲ್ಲಿ ಎಲ್ಲೂ ಬಿಡಿಸಿ ಬರೆದಂತೆ ಕಾಣಲಿಲ್ಲ. ಪತ್ರ ಉದ್ದವಾದರೂ ದಯವಿಟ್ಟು ಪೂರ್ತಿ ಪ್ರಕಟಿಸಿ ಎಂದು ಮೊದಲೇ ಕೇಳಿಕೊಳ್ಳುತ್ತೇನೆ.

ನಾನು ಹೇಳಬೇಕೆಂದಿರುವುದು ಇಷ್ಟೇ: ಎಷ್ಟು ಪ್ಯಾರಾಮೀಟರ್ ಬಂದಿವೆ ಎಂಬುದನ್ನು ಕರೆಯುವ ಪ್ರೋಗ್ರಾಂ ಸ್ಪಷ್ಟವಾಗಿ ತಿಳಿಸಬೇಕು, ಸಬ್‌ರೂಟೀನ್ ಅದನ್ನು ಊಹಿಸಬಾರದು. ಕಂಪೈಲರ್ ಈ ಲೆಕ್ಕ ನೋಡುವುದಿಲ್ಲ, ಏಕೆಂದರೆ ಅದು ಒಮ್ಮೆಗೆ ಒಂದು ಪ್ರೋಗ್ರಾಂ ಮಾತ್ರ ಕಾಣುತ್ತದೆ. ಕಂಪೈಲ್ ಆದ ಪ್ರೋಗ್ರಾಂಗಳನ್ನು ಜೋಡಿಸುವ ಬೈಂಡರ್ ಕೂಡ ನೋಡುವುದಿಲ್ಲ. ಅದಕ್ಕೆ ಹೆಸರು ಸಿಕ್ಕರೆ ಸಾಕು, ಆ ಹೆಸರಿನ ಹಿಂದೆ ಎಷ್ಟು ಆರ್ಗ್ಯುಮೆಂಟ್‌ಗಳಿವೆ ಎಂಬುದು ಬೇಕಿಲ್ಲ. ತಪ್ಪು ಗೊತ್ತಾಗುವುದು ಪ್ರೋಗ್ರಾಂ ಓಡುವಾಗ. ಗೊತ್ತಾದರೆ ಅದೇ ಪುಣ್ಯ, ಏಕೆಂದರೆ ಎಷ್ಟೋ ಸಲ ಓಡುವಾಗಲೂ ಗೊತ್ತಾಗುವುದಿಲ್ಲ.

ಕೆಳಗೆ ಏನು ನಡೆಯುತ್ತದೆ ಎಂಬುದನ್ನು ಮೊದಲು ನೋಡೋಣ. 1964ರಲ್ಲಿ ಬಂದ ಐಬಿಎಂನ ಸಿಸ್ಟಂ 360 ಯಂತ್ರದ ಕಾಲದಿಂದ ನಡೆದು ಬಂದ ರೂಢಿಯ ಪ್ರಕಾರ, ಕರೆಯುವ ಪ್ರೋಗ್ರಾಂ ಪ್ಯಾರಾಮೀಟರ್‌ಗಳ ವಿಳಾಸಗಳನ್ನು ಒಂದರ ಪಕ್ಕ ಒಂದರಂತೆ ಪಟ್ಟಿ ಮಾಡಿ, ಆ ಪಟ್ಟಿಯ ವಿಳಾಸವನ್ನು ರಿಜಿಸ್ಟರ್ 1 ಎಂಬ, ಪ್ರೊಸೆಸರ್ ಒಳಗಿನ ಪುಟ್ಟ ಜಾಗದಲ್ಲಿ ಇಟ್ಟು ಸಬ್‌ರೂಟೀನ್‌ಗೆ ಜಿಗಿಯುತ್ತದೆ. ಒಂದೊಂದು ವಿಳಾಸಕ್ಕೂ 4 ಬೈಟ್. ಆಗ ವಿಳಾಸಕ್ಕೆ ಬೇಕಿದ್ದುದು 24 ಬಿಟ್ ಮಾತ್ರ. ಮೇಲಿನ ಒಂದು ಬೈಟ್ ಖಾಲಿ ಇತ್ತು. ಆ ಬೈಟ್‌ನ ಮೊದಲ ಬಿಟ್ಟನ್ನು ಕೊನೆಯ ವಿಳಾಸದಲ್ಲಿ ಮಾತ್ರ 1 ಮಾಡಿದರೆ ಪಟ್ಟಿ ಇಲ್ಲಿಗೆ ಮುಗಿಯಿತು ಎಂದರ್ಥ. ಯಂತ್ರಕ್ಕೆ ಹತ್ತಿರದ ಅಸೆಂಬ್ಲರ್ ಭಾಷೆಯವರು ಇದನ್ನು ವಿಎಲ್ ಬಿಟ್ ಎನ್ನುತ್ತಾರೆ, ಕಾಲ್ ಮ್ಯಾಕ್ರೋದಲ್ಲಿ ವಿಎಲ್ ಎಂದು ಬರೆದರೆ ಅದು ಏಳುತ್ತದೆ. ಮುಂದೆ ವಿಳಾಸ 31 ಬಿಟ್ ಆದಾಗಲೂ ಆ ಒಂದು ಬಿಟ್ ಉಳಿದುಕೊಂಡಿದ್ದರಿಂದ ರೂಢಿ ಕೆಡಲಿಲ್ಲ. ಕೆಟ್ಟದ್ದು, ಮೇಲಿನ ಬೈಟ್ ಪೂರ್ತಿ ತಮ್ಮದೆಂದುಕೊಂಡು ಅದರಲ್ಲಿ ಬೇರೆ ಬೇರೆ ಗುರುತುಗಳನ್ನು ಇಟ್ಟುಕೊಂಡಿದ್ದವರ ಪ್ರೋಗ್ರಾಂಗಳು.

ಮೂರು ಪ್ಯಾರಾಮೀಟರ್ ಇರುವ ಪಟ್ಟಿ ಡಂಪ್‌ನಲ್ಲಿ, ಅಂದರೆ ಮೆಮೊರಿಯ ಮುದ್ರಿತ ಪ್ರತಿಯಲ್ಲಿ, ಹೆಕ್ಸ್ (16ರ ಮೂಲದ) ಅಂಕೆಗಳಲ್ಲಿ ಹೀಗೆ ಕಾಣುತ್ತದೆ:

00021040 00021048 80021050

ಮೂರನೆಯದರ ಮುಂದಿರುವ 8 ಎಂಬುದೇ ಆ ಗುರುತು. ಐಬಿಎಂನ ಕೋಬಾಲ್ ಕಂಪೈಲರ್ ವಿಳಾಸದ ಮೂಲಕ ಕಳಿಸುವ ಪ್ಯಾರಾಮೀಟರ್‌ಗಳಿಗೆ ಇದನ್ನು ತಾನಾಗಿ ಹಾಕುತ್ತದೆ, ಪ್ರೋಗ್ರಾಮರ್ ಏನೂ ಬರೆಯಬೇಕಿಲ್ಲ. ಇಷ್ಟು ಕೇಳಿದವರು ಹಾಗಾದರೆ ಸಮಸ್ಯೆ ಎಲ್ಲಿದೆ ಎನ್ನಬಹುದು. ಕೋಬಾಲ್ ಗುರುತು ಹಾಕುತ್ತದೆ, ಓದುವುದಿಲ್ಲ! ಕೋಬಾಲ್‌ನಲ್ಲಿ ಬರೆದ ಸಬ್‌ರೂಟೀನ್ ತನ್ನ ಯೂಸಿಂಗ್‌ನಲ್ಲಿ ಮೂರು ಹೆಸರಿದ್ದರೆ ಪಟ್ಟಿಯ ಮೂರನೆಯ ಪದವನ್ನು (4 ಬೈಟ್‌ನ ತುಂಡನ್ನು) ಮೂರನೆಯ ಪ್ಯಾರಾಮೀಟರ್‌ನ ವಿಳಾಸವೆಂದೇ ತೆಗೆದುಕೊಳ್ಳುತ್ತದೆ. ಎರಡನೆಯದರಲ್ಲೇ 8 ಕಂಡರೂ ನಿಲ್ಲುವುದಿಲ್ಲ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡಿ. ದಿನಾಂಕವನ್ನು ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸುವ ಸಬ್‌ರೂಟೀನ್ ಇದೆ. ಮೊದಲ ಪ್ಯಾರಾಮೀಟರ್ ಒಳಗೆ ಬರುವ ದಿನಾಂಕ, ಎರಡನೆಯದು ಹೊರಗೆ ಹೋಗುವ ದಿನಾಂಕ. ಆಮೇಲೆ ಯಾರೋ ಮೂರನೆಯದಾಗಿ 4 ಬೈಟ್‌ನ ದೋಷಸಂಕೇತ ಸೇರಿಸಿ, ಸಬ್‌ರೂಟೀನ್‌ನ ಮೊದಲ ಸಾಲಿನಲ್ಲೇ ಅದಕ್ಕೆ ಸೊನ್ನೆ ತುಂಬಿದರು. ಹಳೆಯ ಪ್ರೋಗ್ರಾಂ ಎರಡನ್ನೇ ಕಳಿಸುತ್ತದೆ. ಆ ಪ್ರೋಗ್ರಾಂ ಇದಕ್ಕೂ ಸ್ವಲ್ಪ ಮೊದಲು ಬೇರೆ ಯಾವುದೋ ಸಬ್‌ರೂಟೀನ್‌ಗೆ ಮೂರು ಪ್ಯಾರಾಮೀಟರ್ ಕಳಿಸಿತ್ತು ಎಂದಿಟ್ಟುಕೊಳ್ಳಿ. ಪಟ್ಟಿ ಕಟ್ಟುವ ಜಾಗವನ್ನು ಮರುಬಳಕೆ ಮಾಡಿದಾಗ ಉಳಿಯುವುದು ಇದು:

00021040 80021048 80021050

ಎರಡು ಕಡೆ 8. ಮೊದಲನೆಯ 8 ಈಗಿನ ಕರೆಯದು, ಎರಡನೆಯದು ಹಿಂದಿನ ಕರೆ ಬಿಟ್ಟುಹೋದ ಎಂಜಲು. ಸಬ್‌ರೂಟೀನ್ ಅದನ್ನೇ ನಂಬಿ 00021050ರಲ್ಲಿ 4 ಬೈಟ್ ಸೊನ್ನೆ ಬರೆಯುತ್ತದೆ, ಏಕೆಂದರೆ 31 ಬಿಟ್ ಮೋಡ್‌ನಲ್ಲಿ ವಿಳಾಸ ಲೆಕ್ಕ ಹಾಕುವಾಗ ಯಂತ್ರ ಮೇಲಿನ ಬಿಟ್ಟನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ. ಅಲ್ಲಿದ್ದದ್ದು ಕರೆದ ಪ್ರೋಗ್ರಾಂನ ಸ್ವಂತ ಮೊತ್ತವೋ, ಕೌಂಟರೋ ಏನೋ. ಜಾಗ ಅದೇ ಪ್ರೋಗ್ರಾಂನದ್ದಾದ್ದರಿಂದ ಅಬೆಂಡ್ ಆಗುವುದಿಲ್ಲ, ಅಂದರೆ ಪ್ರೋಗ್ರಾಂ ನಡುವೆಯೇ ಬೀಳುವುದಿಲ್ಲ. ರಿಟರ್ನ್ ಕೋಡ್ 0, ಎಲ್ಲ ಸರಿ ಎಂದರ್ಥ. ವರದಿಯ ಒಂದು ಕಾಲಂನಲ್ಲಿ ಮಾತ್ರ ಮೊತ್ತ ಸೊನ್ನೆ. ಹುಡುಕಲು ಹೊರಟವರು ಡಿಸ್‌ಪ್ಲೇ ಸೇರಿಸಿ ಮತ್ತೆ ಕಂಪೈಲ್ ಮಾಡಿದರೆ ಸ್ಟೋರೇಜ್‌ನ ಜೋಡಣೆಯೇ ಬದಲಾಗಿ ತಪ್ಪು ಬೇರೆ ಕಡೆ ಹೋಗಿ ಕೂರುತ್ತದೆ. ದಿನಾಂಕದ ಸಬ್‌ರೂಟೀನ್ ಮೇಲೆ ಯಾರಿಗೂ ಅನುಮಾನವೇ ಬರುವುದಿಲ್ಲ, ಏಕೆಂದರೆ ದಿನಾಂಕ ಸರಿಯಾಗಿಯೇ ಬಂದಿರುತ್ತದೆ. ಇಂಥ ಕಡೆ ಎಸ್0ಸಿ4 (ಮುಟ್ಟಬಾರದ ಮೆಮೊರಿಯನ್ನು ಮುಟ್ಟಿದಾಗಿನ ಅಬೆಂಡ್) ಬಂದರೆ ಬೇಸರಪಡಬೇಡಿ. ಉಳಿದುಹೋದ ಪದದಲ್ಲಿ ವಿಳಾಸವಲ್ಲದ ಕಸವಿದ್ದು ಯಂತ್ರ ಅಲ್ಲೇ ನಿಂತಿತು, ಡೇಟಾ ಉಳಿಯಿತು ಎಂದರ್ಥ.

ಇದಕ್ಕೆ ಕೋಬಾಲ್ ಕೊಡುವ ಮೊದಲ ಉತ್ತರ ಒಮಿಟೆಡ್ ಎಂಬ ಪದ. ಕಾಲ್ ಸ್ಟೇಟ್‌ಮೆಂಟ್‌ನಲ್ಲಿ ಪ್ಯಾರಾಮೀಟರ್ ಇರಬೇಕಾದ ಜಾಗದಲ್ಲಿ ಒಮಿಟೆಡ್ ಎಂದು ಬರೆದರೆ ಪಟ್ಟಿಯಲ್ಲಿ ಆ ಸ್ಥಾನಕ್ಕೆ ಸೊನ್ನೆ ವಿಳಾಸ ಹೋಗುತ್ತದೆ. ಸಬ್‌ರೂಟೀನ್ ಆ ಪ್ಯಾರಾಮೀಟರ್‌ನ ಅಡ್ರೆಸ್ ಆಫ್ ನಲ್‌ಗೆ (ಸೊನ್ನೆ ವಿಳಾಸಕ್ಕೆ) ಸಮವೇ ಎಂದು ಕೇಳಿ, ಸಮವಾದರೆ ಅದನ್ನು ಮುಟ್ಟದೆ ಮುಂದೆ ಹೋಗಬೇಕು. ಇಲ್ಲಿ ಬಹಳ ಮಂದಿ ಎಡವುವ ಜಾಗ ಒಂದಿದೆ. ಒಮಿಟೆಡ್ ಎಂದು ಬರೆಯುವುದೂ ಏನೂ ಬರೆಯದೆ ಬಿಡುವುದೂ ಒಂದೇ ಅಲ್ಲ. ಎರಡೇ ಹೆಸರು ಬರೆದು ನಿಲ್ಲಿಸಿದರೆ ಮೂರನೆಯ ಸ್ಥಾನದಲ್ಲಿ ಸೊನ್ನೆ ಇರುತ್ತದೆ ಎಂಬ ಭರವಸೆ ಯಾರೂ ಕೊಟ್ಟಿಲ್ಲ. ಮೇಲಿನ ಉದಾಹರಣೆಯಲ್ಲಿ ನಲ್ ಪರೀಕ್ಷೆ ಹಾಕಿದ್ದರೂ 80021050 ಸೊನ್ನೆಯಲ್ಲವಾದ್ದರಿಂದ ಅದು ಪಾಸಾಗಿ, ಹಾಳು ಹಾಗೆಯೇ ನಡೆಯುತ್ತಿತ್ತು. ಹಾಗಾಗಿ ಒಮಿಟೆಡ್ ಹೊಸ ಪ್ರೋಗ್ರಾಂಗಳಿಗೆ ಒಳ್ಳೆಯ ಕ್ರಮ. ಈಗಾಗಲೇ ಇರುವ ಹಳೆಯ ಕರೆಗಳನ್ನು ಅದು ಕಾಯುವುದಿಲ್ಲ.

ಸೊನ್ನೆ ವಿಳಾಸವನ್ನು ಪರೀಕ್ಷಿಸದೆ ಬಳಸಿದರೆ ಏನಾಗುತ್ತದೆ ಎಂಬುದೂ ತಿಳಿದಿರಲಿ. ಬೇರೆ ಯಂತ್ರಗಳಿಂದ ಬಂದವರು ಪ್ರೋಗ್ರಾಂ ತಕ್ಷಣ ಬೀಳುತ್ತದೆ ಎಂದುಕೊಳ್ಳುತ್ತಾರೆ. ಮೇನ್‌ಫ್ರೇಮ್‌ನ ಆಪರೇಟಿಂಗ್ ಸಿಸ್ಟಂ ಆದ ಜೆಡ್‌ಓಎಸ್‌ನಲ್ಲಿ ಹಾಗಲ್ಲ. ವಿಳಾಸ 0ಯಿಂದ ಶುರುವಾಗುವ ಜಾಗದಲ್ಲಿ ವ್ಯವಸ್ಥೆಯ ಸ್ವಂತ ಮಾಹಿತಿ ಇದೆ. 16ನೆಯ ಬೈಟ್‌ನಲ್ಲಿರುವ ಸಿವಿಟಿ ಎಂಬ, ವ್ಯವಸ್ಥೆಯ ಮುಖ್ಯ ಕೋಷ್ಟಕದ ವಿಳಾಸವನ್ನು ಯಾವ ಸಾಮಾನ್ಯ ಪ್ರೋಗ್ರಾಂ ಬೇಕಾದರೂ ಓದಬಹುದು. ಅಂದರೆ ಓದಲು ಅಡ್ಡಿಯಿಲ್ಲ. ಬರೆಯಲು ಹೋದರೆ ಮಾತ್ರ ಎಸ್0ಸಿ4, ರೀಸನ್ ಕೋಡ್ 4. ಹಾಗಾಗಿ ಕಳಿಸದೇ ಇದ್ದ ಪ್ಯಾರಾಮೀಟರ್‌ನಿಂದ ಮೂವ್ ಮಾಡಿದರೆ ತಲೆಬುಡವಿಲ್ಲದ ಬೈಟುಗಳು ಸದ್ದಿಲ್ಲದೆ ಬಂದು ತುಂಬಿಕೊಳ್ಳುತ್ತವೆ. ಅವನ್ನೇ ಪ್ಯಾಕ್ಡ್ ಡೆಸಿಮಲ್ ಸಂಖ್ಯೆ ಎಂದು ಕೂಡಿಸಲು ಹೋದರೆ ಎಸ್0ಸಿ7, ಅಂದರೆ ಸಂಖ್ಯೆಯಲ್ಲದ ಡೇಟಾದ ಅಬೆಂಡ್. ಸಾಕ್ ಸೆವೆನ್ (ಎಸ್0ಸಿ7ರ ಆಡುಹೆಸರು) ಬಂತೆಂದು ಎಲ್ಲರೂ ಇನ್‌ಪುಟ್ ಫೈಲ್ ಜಾಲಾಡುತ್ತಾರೆ. ಬ್ಯಾಚ್‌ನಲ್ಲಿ ಕೆಟ್ಟ ರೆಕಾರ್ಡ್ ಸಿಗದಿದ್ದರೆ, ಆ ಫೀಲ್ಡ್ ಲಿಂಕೇಜ್ ಸೆಕ್ಷನ್‌ನದ್ದೇ (ಅಂದರೆ ಪ್ಯಾರಾಮೀಟರ್ ಆಗಿ ಬಂದದ್ದೇ) ಎಂದು ಮೊದಲು ನೋಡಿ.

ಪ್ರೋಗ್ರಾಂಗಳಿಗೆ ಓಡುವಾಗ ನೆರವಾಗುವ, ಐಬಿಎಂನ ಲಾಂಗ್ವೇಜ್ ಎನ್ವಿರಾನ್‌ಮೆಂಟ್‌ನ ಸೇವೆಗಳು ಈ ಒಮಿಟೆಡ್‌ನ ಒಳ್ಳೆಯ ಮಾದರಿ. ದಿನಸಂಖ್ಯೆಯನ್ನು ದಿನಾಂಕವಾಗಿ ಬರೆದುಕೊಡುವ ಸಿಇಇಡೇಟ್‌ಗೆ ನಾಲ್ಕು ಪ್ಯಾರಾಮೀಟರ್: ಲಿಲಿಯನ್ ದಿನಸಂಖ್ಯೆ, ದಿನಾಂಕದ ನಮೂನೆ, ಫಲಿತಾಂಶ ಬೀಳುವ ಜಾಗ, ಕೊನೆಗೆ 12 ಬೈಟ್‌ನ ಫೀಡ್‌ಬ್ಯಾಕ್ ಕೋಡ್. ಲಿಲಿಯನ್ ಎಣಿಕೆಯಲ್ಲಿ ದಿನ 1 ಎಂದರೆ 1582ರ ಅಕ್ಟೋಬರ್ 15. ಫೀಡ್‌ಬ್ಯಾಕ್ ಕೋಡ್ ಬೇಡವೆಂದರೆ ಅಲ್ಲಿ ಒಮಿಟೆಡ್ ಹಾಕಬಹುದು. ಆದರೆ ಬಿಟ್ಟುದಕ್ಕೊಂದು ಅರ್ಥವಿದೆ: ಕೋಡ್ ಕೊಟ್ಟಿದ್ದರೆ ದೋಷ ಅದರಲ್ಲಿ ಬರೆಯಲ್ಪಟ್ಟು ಪ್ರೋಗ್ರಾಂ ಮುಂದುವರಿಯುತ್ತದೆ, ನೋಡಿಕೊಳ್ಳುವ ಹೊಣೆ ನಿಮ್ಮದು. ಕೊಡದಿದ್ದರೆ ದೋಷವನ್ನು ಸೂಚನೆಯಾಗಿ ಎಬ್ಬಿಸಲಾಗುತ್ತದೆ, ತೀವ್ರತೆ 2 ಅಥವಾ ಹೆಚ್ಚಿದ್ದು ಯಾರೂ ಹಿಡಿಯದಿದ್ದರೆ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ. ನಿಮ್ಮ ಸಬ್‌ರೂಟೀನ್‌ನಲ್ಲೂ ಪ್ಯಾರಾಮೀಟರ್ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಹೀಗೇ ತೀರ್ಮಾನಿಸಿ, ಪ್ರೋಗ್ರಾಂನ ತಲೆಭಾಗದ ಕಾಮೆಂಟ್‌ನಲ್ಲಿ ಬರೆದಿಡಿ.

ಅಸೆಂಬ್ಲರ್ ಬರೆಯುವವರ ಕೈಯಲ್ಲಿ ಹೆಚ್ಚು ಶಕ್ತಿ ಇದೆ, ಜವಾಬ್ದಾರಿಯೂ ಅಷ್ಟೇ ಇದೆ. ವಿಎಲ್ ಬಿಟ್ ಎಣಿಸುವ ಲೂಪ್ ಹತ್ತು ಸಾಲೂ ಆಗುವುದಿಲ್ಲ. ಒಳಗೆ ಬಂದ ಕೂಡಲೇ ರಿಜಿಸ್ಟರ್ 1ನ್ನು ಇನ್ನೊಂದು ರಿಜಿಸ್ಟರ್‌ಗೆ, ಉದಾಹರಣೆಗೆ 2ಕ್ಕೆ, ವರ್ಗಾಯಿಸಿ. ಇದನ್ನು ಮರೆಯುವವರೇ ಹೆಚ್ಚು. ರೀಎಂಟ್ರಂಟ್ (ಏಕಕಾಲಕ್ಕೆ ಹಲವರು ಬಳಸಬಹುದಾದ) ಪ್ರೋಗ್ರಾಂನಲ್ಲಿ ಮೊದಲು ಮಾಡುವ ಕೆಲಸ ಮೆಮೊರಿ ಪಡೆಯುವ ಸ್ಟೋರೇಜ್ ಆಬ್ಟೇನ್, ಆ ಮ್ಯಾಕ್ರೋ ರಿಜಿಸ್ಟರ್ 0, 1, 14, 15ನ್ನು ಹಾಗೆಯೇ ಬಿಡುತ್ತದೆ ಎಂದು ನಂಬುವಂತಿಲ್ಲ. ಆಮೇಲೆ 1ನ್ನು ನೋಡಿದರೆ ಸಿಗುವುದು ಪಟ್ಟಿಯಲ್ಲ, ಈಗಷ್ಟೇ ಪಡೆದ ಜಾಗದ ವಿಳಾಸ. ವರ್ಗಾಯಿಸಿದ ಮೇಲೆ ರಿಜಿಸ್ಟರ್ 2 ಸೊನ್ನೆಯೇ ಎಂದು ಎಲ್‌ಟಿಆರ್ ಸೂಚನೆಯಿಂದ ನೋಡಿ. ಪ್ಯಾರಾಮೀಟರ್ ಇಲ್ಲದ ಕರೆಯಲ್ಲಿ ರಿಜಿಸ್ಟರ್ 1 ಸೊನ್ನೆ ಇರಬೇಕೆಂಬುದು ರೂಢಿ. ಸೊನ್ನೆಯಲ್ಲದಿದ್ದರೆ ಮೊದಲ ಪದದ ಮೊದಲ ಬೈಟನ್ನು ಟಿಎಂ ಸೂಚನೆಯಿಂದ ಹೆಕ್ಸ್ 80ರ ಜೊತೆ ಪರೀಕ್ಷಿಸಿ; ಎಣಿಕೆ 1 ಹೆಚ್ಚಿಸಿ; ಬಿಟ್ ಎದ್ದಿದ್ದರೆ ನಿಲ್ಲಿ, ಇಲ್ಲದಿದ್ದರೆ 4 ಬೈಟ್ ಮುಂದೆ ಹೋಗಿ ಮತ್ತೆ ನೋಡಿ.

ಈ ಲೂಪ್‌ಗೆ ಮಿತಿ ಇರಲೇಬೇಕು. ನಿಮ್ಮ ಸಬ್‌ರೂಟೀನ್ ಹೆಚ್ಚೆಂದರೆ 6 ತೆಗೆದುಕೊಳ್ಳುವುದಾದರೆ 6 ನೋಡಿದ ಮೇಲೂ ಬಿಟ್ ಸಿಗದಿದ್ದರೆ ದೋಷಸಂಕೇತ ಕೊಟ್ಟು ಹಿಂತಿರುಗಿ. ಕರೆದವರು ವಿಎಲ್ ಬರೆಯಲು ಮರೆತಿದ್ದರೆ ಮಿತಿಯಿಲ್ಲದ ಲೂಪ್ ಮೆಮೊರಿಯಲ್ಲಿ ಅಲೆಯುತ್ತ, ಎಲ್ಲೋ ಸಿಕ್ಕ ನೆಗೆಟಿವ್ ಸಂಖ್ಯೆಯನ್ನು ಪಟ್ಟಿಯ ಕೊನೆ ಎಂದುಕೊಳ್ಳುತ್ತದೆ. ಕೊನೆಯ ವಿಳಾಸವನ್ನು ಬಳಸುವ ಮುನ್ನ ಮೇಲಿನ ಬಿಟ್ ತೆಗೆಯುವುದೂ ಒಳ್ಳೆಯ ಅಭ್ಯಾಸ. 31 ಬಿಟ್ ಮೋಡ್‌ನಲ್ಲಿ ಡೇಟಾ ಮುಟ್ಟಲು ಅದು ಅಡ್ಡಿಯಾಗದು, ಆದರೆ ಎರಡು ವಿಳಾಸಗಳನ್ನು ಹೋಲಿಸುವಾಗ ಒಂದೇ ವಿಳಾಸ ಬೇರೆ ಬೇರೆಯಾಗಿ ಕಾಣುತ್ತದೆ, 64 ಬಿಟ್ ಕೋಡ್‌ಗೆ ಹೋದರೆ ನೇರ ತಪ್ಪು ವಿಳಾಸವೇ ಆಗುತ್ತದೆ. ಎಲ್‌ಎಲ್‌ಜಿಟಿ ಸೂಚನೆಯಿಂದ ಲೋಡ್ ಮಾಡಿದರೆ ಕೆಳಗಿನ 31 ಬಿಟ್ ಮಾತ್ರ ಬಂದು ಈ ಚಿಂತೆ ತಪ್ಪುತ್ತದೆ.

ಕರೆಯುವ ಕಡೆಯ ಎರಡು ತಪ್ಪುಗಳನ್ನು ಇಲ್ಲೇ ಹೇಳಿಬಿಡುತ್ತೇನೆ. ಕಾಲ್ ಮ್ಯಾಕ್ರೋವನ್ನು ಪ್ಯಾರಾಮೀಟರ್ ಇಲ್ಲದೆ ಬರೆದರೆ ಅದು ರಿಜಿಸ್ಟರ್ 1ನ್ನು ಮುಟ್ಟುವುದೇ ಇಲ್ಲ. ಹಿಂದಿನ ಯಾವುದೋ ಕೆಲಸದಲ್ಲಿ ಅದರಲ್ಲಿ ಉಳಿದಿದ್ದ ವಿಳಾಸವೇ ಪಟ್ಟಿಯೆಂದು ದಾಟುತ್ತದೆ. ಕರೆಯುವ ಮೊದಲು ಅದನ್ನು ಸೊನ್ನೆ ಮಾಡಬೇಕು. ಇನ್ನೊಂದು, ಪಟ್ಟಿಯನ್ನು ಕೈಯಾರೆ ಕಟ್ಟುವವರದು. ಎರಡು ವಿಳಾಸ ತುಂಬಿ ಎರಡನೆಯದರ ಮೇಲೆ ಓಐ ಸೂಚನೆಯಿಂದ ಬಿಟ್ ಎಬ್ಬಿಸಿ ಒಮ್ಮೆ ಕರೆದಿರುತ್ತಾರೆ. ಮುಂದಿನ ಸಲ ಮೂರು ಬೇಕೆಂದು ಮೂರನೆಯ ಪದವನ್ನು ಮಾತ್ರ ತುಂಬಿ ಅದರ ಮೇಲೆ ಬಿಟ್ ಎಬ್ಬಿಸುತ್ತಾರೆ. ಎರಡನೆಯದರ ಬಿಟ್ ಎದ್ದೇ ಇರುತ್ತದೆ. ಸಬ್‌ರೂಟೀನ್ ನ್ಯಾಯವಾಗಿಯೇ ಎರಡಕ್ಕೆ ನಿಲ್ಲುತ್ತದೆ, ಮೂರನೆಯದನ್ನು ಕಳಿಸಿದರೂ ತೆಗೆದುಕೊಳ್ಳುತ್ತಿಲ್ಲ ಎಂಬ ದೂರು ಬರುತ್ತದೆ. ಪ್ರತಿ ಕರೆಗೂ ಪಟ್ಟಿಯ ಎಲ್ಲ ಪದಗಳನ್ನು ಹೊಸದಾಗಿ ತುಂಬಿದರೆ ಈ ತೊಡಕೇ ಇಲ್ಲ.

ಬೈ ವ್ಯಾಲ್ಯೂ ಬಗ್ಗೆ ಎಚ್ಚರ. ಬೈ ಕಂಟೆಂಟ್‌ನಲ್ಲಿ ಡೇಟಾದ ನಕಲಿನ ವಿಳಾಸ ಹೋಗುತ್ತದೆ, ಹಾಗಾಗಿ ತೊಂದರೆಯಿಲ್ಲ. ಬೈ ವ್ಯಾಲ್ಯೂನಲ್ಲಿ ಪಟ್ಟಿಯೊಳಗೆ ಬೆಲೆಯೇ ಕೂರುತ್ತದೆ. ಆ ಬೆಲೆ ನೆಗೆಟಿವ್ ಆಗಿದ್ದರೆ ಅದರ ಚಿಹ್ನೆಯ ಬಿಟ್ಟೂ ವಿಎಲ್ ಬಿಟ್ಟೂ ಒಂದೇ ಜಾಗ. ಸಂಖ್ಯೆ ಬದಲಾಗುವ ಪಟ್ಟಿಯಲ್ಲಿ ಬೈ ವ್ಯಾಲ್ಯೂ ಬಳಸಲೇಬೇಡಿ ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ಹಾಗಾದರೆ ಕೋಬಾಲ್ ಸಬ್‌ರೂಟೀನ್‌ಗೆ ಎಷ್ಟು ಬಂದಿವೆ ಎಂದು ತಿಳಿಯುವ ದಾರಿಯೇ ಇಲ್ಲವೇ? 31 ಬಿಟ್ ಜಗತ್ತಿನಲ್ಲಿ ಒಂದಿದೆ. ಕೋಬಾಲ್ ಸಬ್‌ರೂಟೀನ್ ಮೊದಲ ಸಾಲಿನಲ್ಲೇ ಒಂದು ಪುಟ್ಟ ಅಸೆಂಬ್ಲರ್ ಪ್ರೋಗ್ರಾಂ ಕರೆಯಬೇಕು. ಆ ಪ್ರೋಗ್ರಾಂಗೆ ರಿಜಿಸ್ಟರ್ 13 ತೋರಿಸುವುದು ಕೋಬಾಲ್ ಸಬ್‌ರೂಟೀನ್‌ನ ಸೇವ್ ಏರಿಯಾವನ್ನು, ಅಂದರೆ ರಿಜಿಸ್ಟರ್‌ಗಳನ್ನು ಉಳಿಸಿಡುವ ಜಾಗವನ್ನು. ಅದರ 4ನೆಯ ಬೈಟ್‌ನಲ್ಲಿರುವ ಹಿಂಕೊಂಡಿ ಹಿಡಿದು ಹೋದರೆ ಸಿಗುವುದು ಸಬ್‌ರೂಟೀನ್‌ನನ್ನು ಕರೆದ ಪ್ರೋಗ್ರಾಂನ ಸೇವ್ ಏರಿಯಾ. ಅಲ್ಲಿ 12ರಲ್ಲಿ ರಿಜಿಸ್ಟರ್ 14, 16ರಲ್ಲಿ 15, 20ರಲ್ಲಿ 0, 24ರಲ್ಲಿ ರಿಜಿಸ್ಟರ್ 1 ಉಳಿಸಿಟ್ಟಿರುತ್ತದೆ. ಆ 24ನೆಯ ಬೈಟ್‌ನ ಪದವೇ ಮೂಲ ಪಟ್ಟಿಯ ವಿಳಾಸ. ಅದರ ಮೇಲೆ, ಮೊದಲು ಹೇಳಿದ ಲೂಪ್ ಓಡಿಸಿ ಎಣಿಕೆಯನ್ನು ಕೋಬಾಲ್‌ಗೆ ಕೊಟ್ಟರೆ, ಎಣಿಕೆ 3ಕ್ಕಿಂತ ಕಡಿಮೆಯಿದ್ದಾಗ ಮೂರನೆಯದನ್ನು ಮುಟ್ಟದಂತೆ ಇಫ್ ಹಾಕಬಹುದು. ಒಮಿಟೆಡ್ ಬಳಸುವವರೂ ಇರಬಹುದಾದ್ದರಿಂದ ಎಣಿಕೆಯ ಜೊತೆ ನಲ್ ಪರೀಕ್ಷೆಯನ್ನೂ ಇಟ್ಟುಕೊಳ್ಳಿ. ಹಳೆಯ ಕರೆಗಳನ್ನು ಮುಟ್ಟಲಾಗದವರಿಗೆ ಇದು ದೊಡ್ಡ ಆಸರೆ. ಆದರೂ ಕಂಪೈಲರ್ ಆವೃತ್ತಿ ಬದಲಾದಾಗಲೆಲ್ಲ 1, 2, 3 ಪ್ಯಾರಾಮೀಟರ್‌ಗಳ ಕರೆಗಳಿಂದ ಮರುಪರೀಕ್ಷೆ ಮಾಡಬೇಕು, ಏಕೆಂದರೆ ನಾವಿಲ್ಲಿ ಕಂಪೈಲರ್‌ನ ಅಡುಗೆಮನೆಯೊಳಗೆ ಕೈ ಹಾಕುತ್ತಿದ್ದೇವೆ.

64 ಬಿಟ್‌ಗೆ ಹೋದವರಿಗೆ ಈ ಆಸರೆಯೂ ಇಲ್ಲ. ಅಲ್ಲಿ ವಿಳಾಸಕ್ಕೆ 8 ಬೈಟ್, ಮೇಲಿನ ಬಿಟ್ ವಿಳಾಸದ್ದೇ ಭಾಗ. ಗುರುತು ಇಡಲು ಖಾಲಿ ಜಾಗ ಉಳಿದಿಲ್ಲ. ಐಬಿಎಂನ ಎಂಟರ್‌ಪ್ರೈಸ್ ಕೋಬಾಲ್ ಕಂಪೈಲರ್‌ನಲ್ಲಿ 6.3ರಿಂದ 64 ಬಿಟ್ ಪ್ರೋಗ್ರಾಂಗೆ ಎಲ್‌ಪಿ 64 ಆಯ್ಕೆ ಬಂದಿದೆ. ಅದರಲ್ಲಿ ಕರೆಗಳು ಎಕ್ಸ್‌ಪಿಲಿಂಕ್ ಎಂಬ ಬೇರೆ ಕ್ರಮದಲ್ಲಿ ನಡೆಯುತ್ತವೆ, ಮೊದಲ ಮೂರು ಆರ್ಗ್ಯುಮೆಂಟ್‌ಗಳು ರಿಜಿಸ್ಟರ್ 1, 2, 3ರಲ್ಲೇ ಹೋಗುತ್ತವೆ. ರಿಜಿಸ್ಟರ್ 1ರಲ್ಲಿ ಪಟ್ಟಿ ಇದೆ ಎಂದು ನಂಬಿದ ಯಾವ ಉಪಾಯವೂ ಅಲ್ಲಿ ನಡೆಯದು. ಎಣಿಕೆಯನ್ನು ಪ್ರತ್ಯೇಕವಾಗಿ ಕಳಿಸುವ ಅಭ್ಯಾಸವಿದ್ದವರಿಗೆ ಮಾತ್ರ ದಾಟುವುದು ಸುಲಭ.

ಎಣಿಕೆ ಕಳಿಸುವುದು ಹೊಸ ಯೋಚನೆಯೇನಲ್ಲ. ಐಎಂಎಸ್ ಡೇಟಾಬೇಸ್‌ನ ಕರೆಗಳನ್ನೇ ನೋಡಿ. ಫಂಕ್ಷನ್ ಕೋಡ್, ಪಿಸಿಬಿ (ಯಾವ ಡೇಟಾಬೇಸ್ ಎಂಬ ಗುರುತು), ಐಒ ಏರಿಯಾ (ಡೇಟಾದ ಜಾಗ) ಆದ ಮೇಲೆ ಎಸ್‌ಎಸ್‌ಎಗಳು (ಯಾವ ದಾಖಲೆ ಬೇಕೆಂಬ ಷರತ್ತುಗಳು) ಒಂದೂ ಇಲ್ಲದಿರಬಹುದು, 15ರ ತನಕವೂ ಇರಬಹುದು. ಪಿಎಲ್1 ಭಾಷೆಯ ಪ್ರೋಗ್ರಾಂ ಐಎಂಎಸ್‌ನ ಪಿಎಲ್‌ಐಟಿಡಿಎಲ್‌ಐ ಕರೆಯುವಾಗ ಮೊದಲ ಪ್ಯಾರಾಮೀಟರ್ ಆಗಿ ತನ್ನನ್ನು ಬಿಟ್ಟು ಉಳಿದವು ಎಷ್ಟು ಎಂಬ ಸಂಖ್ಯೆಯನ್ನು ಕಡ್ಡಾಯವಾಗಿ ಕಳಿಸಬೇಕು. ಕೋಬಾಲ್‌ನ ಸಿಬಿಎಲ್‌ಟಿಡಿಎಲ್‌ಐಗೆ ಅದು ಐಚ್ಛಿಕ, ಏಕೆಂದರೆ ವಿಎಲ್ ಬಿಟ್ ಇದ್ದೇ ಇರುತ್ತದೆ. ಒಂದೇ ವ್ಯವಸ್ಥೆ ಎರಡೂ ಕ್ರಮವನ್ನು ಒಪ್ಪುತ್ತದೆ, ಎರಡರಲ್ಲೂ ಕೊನೆ ಎಲ್ಲಿ ಎಂದು ಹೇಳುವ ಹೊಣೆ ಕರೆಯುವವರದೇ. ಡೇಟಾ ವಿಂಗಡಿಸುವ ಡಿಎಫ್‌ಸಾರ್ಟ್‌ನ ವಿಸ್ತೃತ ಪ್ಯಾರಾಮೀಟರ್ ಪಟ್ಟಿ ಮೂರನೆಯ ಕ್ರಮ ಹಿಡಿದಿದೆ: ನಡುವೆ ಬೇಡವಾದ ಸ್ಥಾನಕ್ಕೆ ಸೊನ್ನೆ, ಪಟ್ಟಿ ಮುಗಿದಲ್ಲಿ 32 ಬಿಟ್ಟೂ 1 ಆಗಿರುವ ಒಂದು ಪದ. ನಡುವಿನದನ್ನು ಬಿಡುವುದು ಬೇರೆ, ಕೊನೆಯದನ್ನು ಬಿಡುವುದು ಬೇರೆ ಎಂಬ ವಿವೇಕ ಇದರಲ್ಲಿದೆ. ಫೈಲ್ ನಕಲು ಮಾಡುವ ಐಇಬಿಜೆನರ್‌ನಂಥ ಯುಟಿಲಿಟಿಗಳನ್ನು ಪ್ರೋಗ್ರಾಂನಿಂದ ಕರೆಯುವಾಗ ಕೊಡುವ ಡಿಡಿ ಹೆಸರುಗಳ (ಫೈಲ್‌ಗಳನ್ನು ಗುರುತಿಸುವ ಹೆಸರುಗಳ) ಪಟ್ಟಿಯೂ ಹಾಗೆಯೇ. ನಡುವಿನ ಹೆಸರು ಬೇಡವಾದರೆ ಅದರ 8 ಬೈಟ್‌ಗೂ ಬೈನರಿ ಸೊನ್ನೆ, ಕೊನೆಯವು ಬೇಡವಾದರೆ ಪಟ್ಟಿಯ ಆರಂಭದಲ್ಲಿರುವ ಉದ್ದವನ್ನು ಕಡಿಮೆ ಮಾಡುವುದು.

ಪಿಎಲ್1ನಲ್ಲಿ ಆಪ್ಷನಲ್ ಎಂದು ಘೋಷಿಸಿ, ಕರೆಯುವಾಗ ನಕ್ಷತ್ರ ಹಾಕಿ, ಒಳಗೆ ಒಮಿಟೆಡ್ ಅಥವಾ ಪ್ರೆಸೆಂಟ್ ಫಂಕ್ಷನ್‌ನಿಂದ ಕೇಳುವ ಸೌಕರ್ಯ ಭಾಷೆಯಲ್ಲೇ ಇದೆ, ಅದನ್ನೇ ಬಳಸಿ. ಆನ್‌ಲೈನ್ ವಹಿವಾಟು ನಡೆಸುವ ಸಿಐಸಿಎಸ್‌ನಲ್ಲಿ ಲಿಂಕ್ ಮೂಲಕ ಬಂದ ಪ್ರೋಗ್ರಾಂ ಕಾಮ್‌ಏರಿಯಾ (ಕಳಿಸಿದ ಡೇಟಾ) ಮುಟ್ಟುವ ಮುನ್ನ ಅದರ ಉದ್ದ ಹೇಳುವ ಇಐಬಿಕ್ಯಾಲೆನ್ ನೋಡಬೇಕು. ಸೊನ್ನೆಯಾದರೆ ಏನೂ ಬಂದಿಲ್ಲ, ನಿರೀಕ್ಷೆಗಿಂತ ಕಡಿಮೆಯಿದ್ದರೆ ಹಳೆಯ ಕರೆ. ಸಿಐಸಿಎಸ್ ಆಜ್ಞೆಗಳಿರುವ ಕೋಬಾಲ್ ಪ್ರೋಗ್ರಾಂನನ್ನು ನೇರ ಕಾಲ್ ಮಾಡುವವರು ಡಿಎಫ್‌ಎಚ್‌ಇಐಬಿಎಲ್‌ಕೆ ಮತ್ತು ಡಿಎಫ್‌ಎಚ್‌ಕಾಮ್‌ಏರಿಯಾ ಎಂಬ ಎರಡನ್ನು ಮೊದಲು ಕಳಿಸಬೇಕೆಂಬುದನ್ನು ಮರೆತರೆ ಎಲ್ಲ ಪ್ಯಾರಾಮೀಟರ್‌ಗಳೂ ಎರಡು ಸ್ಥಾನ ಜಾರುತ್ತವೆ.

ಬ್ಯಾಚ್ ಕೆಲಸ ಓಡಿಸುವ ಆಜ್ಞೆಗಳ ಭಾಷೆಯಾದ ಜೆಸಿಎಲ್‌ನ ಪಾರ್ಮ್ ಕೂಡ ಇದೇ ಕುಟುಂಬದ್ದು. ಅಲ್ಲಿ ಪ್ಯಾರಾಮೀಟರ್ ಒಂದೇ, ಬದಲಾಗುವುದು ಅದರ ಉದ್ದ: ಮೊದಲು 2 ಬೈಟ್‌ನ ಬೈನರಿ ಉದ್ದ, ಆಮೇಲೆ ಪಠ್ಯ. ಪಾರ್ಮ್‌ನಲ್ಲಿ 100 ಅಕ್ಷರದ ಮಿತಿ, ಜೆಡ್‌ಓಎಸ್ 2.1ರಲ್ಲಿ ಬಂದ ಪಾರ್ಮ್‌ಡಿಡಿಯಿಂದ 32,760ರ ತನಕ ಕಳಿಸಬಹುದು. ಜೆಸಿಎಲ್‌ನಿಂದ ಓಡಿಸಲು ಬರೆದ ಪ್ರೋಗ್ರಾಂನನ್ನು ಇನ್ನೊಂದು ಪ್ರೋಗ್ರಾಂ ಕರೆದು ಬರೀ ಪಠ್ಯ ಕಳಿಸಿದರೆ ಪಠ್ಯದ ಮೊದಲ ಎರಡು ಅಕ್ಷರಗಳೇ ಉದ್ದವಾಗುತ್ತವೆ. ಅವು ಖಾಲಿ ಜಾಗಗಳಾಗಿದ್ದರೆ ಹೆಕ್ಸ್ 4040, ಅಂದರೆ 16,448. ಅಷ್ಟು ಉದ್ದಕ್ಕೆ ಮೂವ್ ಮಾಡಿದರೆ ಏನು ಉಳಿದೀತು? ಡಂಪ್‌ನಲ್ಲಿ 16,448 ಎಂಬ ಉದ್ದ ಕಂಡರೆ ಕಾರಣ ಬಹುಪಾಲು ಇದೇ.

ಹೊಸದಾಗಿ ಬರೆಯುವವರಿಗೆ ನಾನು ಸೂಚಿಸುವುದು ಒಂದೇ ಪ್ಯಾರಾಮೀಟರ್: ಒಂದು ಕಂಟ್ರೋಲ್ ಬ್ಲಾಕ್. ಅದರ ಮೊದಲ ಫೀಲ್ಡ್ ಬ್ಲಾಕ್‌ನ ಉದ್ದ, ಎರಡನೆಯದು ಆವೃತ್ತಿ ಸಂಖ್ಯೆ, ಆಮೇಲೆ ನಿಜವಾದ ಡೇಟಾ. ಕಾಪಿಬುಕ್ (ಪ್ರೋಗ್ರಾಂಗಳು ಹಂಚಿಕೊಳ್ಳುವ, ಫೀಲ್ಡ್‌ಗಳ ವಿವರಣೆಯ ಕಡತ) ಒಂದೇ, ಎರಡೂ ಕಡೆ ಅದೇ. ಹೊಸ ಫೀಲ್ಡ್ ಬೇಕಾದರೆ ಕೊನೆಗೆ ಸೇರಿಸಿ ಆವೃತ್ತಿ ಏರಿಸಿ, ನಡುವೆ ತುರುಕಬೇಡಿ. ಉದ್ದವನ್ನು ಕೈಯಿಂದ ಬರೆಯಬೇಡಿ. ಲೆಂತ್ ಆಫ್ ಬಳಸಿ ಮೂವ್ ಮಾಡಿದರೆ ಕರೆಯುವ ಪ್ರೋಗ್ರಾಂ ಯಾವ ಕಾಪಿಬುಕ್‌ನಿಂದ ಕಂಪೈಲ್ ಆಗಿತ್ತೋ ಅದರ ಉದ್ದವೇ ಬರುತ್ತದೆ. ಹಳೆಯ ಲೋಡ್ ಮಾಡ್ಯೂಲ್ ಹಳೆಯ ಉದ್ದವನ್ನೇ ಕಳಿಸುತ್ತದೆ, ಸಬ್‌ರೂಟೀನ್ ಅದನ್ನು ನೋಡಿ ಹೊಸ ಫೀಲ್ಡ್ ಮುಟ್ಟದೆ ಬಿಡುತ್ತದೆ. ಇಲ್ಲೊಂದು ಗುಂಡಿ ಇದೆ. ಕಾಪಿಬುಕ್‌ನಲ್ಲಿ ಆವೃತ್ತಿಗೆ ವ್ಯಾಲ್ಯೂ 2 ಎಂದು ಬರೆದಿಟ್ಟು, ಪ್ರತಿ ಕರೆಗೆ ಮುನ್ನ ಬ್ಲಾಕ್ ಪೂರ್ತಿ ಇನಿಷಿಯಲೈಜ್ ಮಾಡುವವರಿದ್ದಾರೆ. ಬರೀ ಇನಿಷಿಯಲೈಜ್ ಸಂಖ್ಯೆಗಳನ್ನೆಲ್ಲ ಸೊನ್ನೆ ಮಾಡುತ್ತದೆ, ಆವೃತ್ತಿಯೂ ಉದ್ದವೂ ಅದರಲ್ಲಿ ಕೊಚ್ಚಿಹೋಗುತ್ತವೆ. ಮೊದಲು ಇನಿಷಿಯಲೈಜ್, ಆಮೇಲೆ ಉದ್ದ ಮತ್ತು ಆವೃತ್ತಿ, ಅದರ ನಂತರ ಡೇಟಾ. ಈ ಕ್ರಮ ತಪ್ಪಬಾರದು. ಆವೃತ್ತಿ 0 ಬಂದರೆ ಸಬ್‌ರೂಟೀನ್ ಕೆಲಸ ಮಾಡದೆ ದೋಷ ಹೇಳಬೇಕು, ಒಳ್ಳೆಯ ಮನಸ್ಸಿನಿಂದ ಹಳೆಯದೆಂದು ಊಹಿಸಬಾರದು.

ಒಂದೇ ಬಗೆಯ ಹಲವು ಬೆಲೆಗಳಾದರೆ, ಉದಾಹರಣೆಗೆ ಕೂಡಬೇಕಾದ ಮೊತ್ತಗಳು, ಎಣಿಕೆಗೆ ತಕ್ಕಂತೆ ಉದ್ದ ಬದಲಾಗುವ ಆಕರ್ಸ್ ಡಿಪೆಂಡಿಂಗ್ ಆನ್ ಟೇಬಲ್ ಸಾಕು. ಎಣಿಕೆಯನ್ನು ಮೊದಲು ತುಂಬಿ, ಆಮೇಲೆ ಸಾಲುಗಳನ್ನು ತುಂಬಿ. ಸಬ್‌ರೂಟೀನ್ ಕಡೆ ಎಣಿಕೆ ಗರಿಷ್ಠ ಮಿತಿ ದಾಟಿಲ್ಲವೇ ಎಂದು ಮೊದಲು ನೋಡಿ. ಬೇರೆ ಬೇರೆ ಬಗೆಯ, ಬೇರೆ ಬೇರೆ ಉದ್ದದ ಸಂಗತಿಗಳಾದರೆ ಎಣಿಕೆಯ ಜೊತೆ ಪಾಯಿಂಟರ್‌ಗಳ ಟೇಬಲ್ ಕಳಿಸಿ. ಕರೆಯುವ ಕಡೆ ಸೆಟ್ ಮಾಡಿ ಒಂದೊಂದು ಪಾಯಿಂಟರ್‌ಗೂ ಅಡ್ರೆಸ್ ಆಫ್ ತುಂಬುವುದು, ಈ ಕಡೆ ಲಿಂಕೇಜ್ ಸೆಕ್ಷನ್‌ನ ಐಟಂನ ಅಡ್ರೆಸ್ ಆಫ್‌ಗೆ ಆ ಪಾಯಿಂಟರ್ ಸೆಟ್ ಮಾಡುತ್ತ ಹೋಗುವುದು. ಪ್ರತಿ ಪಾಯಿಂಟರ್ ಪಕ್ಕ ಅದು ತೋರಿಸುವ ಡೇಟಾದ ಉದ್ದವನ್ನೂ ಇಡಿ. ಇದು ಶುದ್ಧ ಕೋಬಾಲ್, ಅಸೆಂಬ್ಲರ್ ಬೇಕಿಲ್ಲ, 31ರಲ್ಲೂ 64ರಲ್ಲೂ ನಡೆಯುತ್ತದೆ. ಪಾಯಿಂಟರ್ ಒಂದು ಕಡೆ 4 ಬೈಟ್, ಇನ್ನೊಂದು ಕಡೆ 8 ಎಂಬುದನ್ನು ಟೇಬಲ್‌ನ ಉದ್ದ ಲೆಕ್ಕ ಹಾಕುವಾಗ ನೆನಪಿಟ್ಟರಾಯಿತು.

ಈಗಾಗಲೇ ಮೂರನೆಯ ಪ್ಯಾರಾಮೀಟರ್ ಸೇರಿಸಿ ಆಗಿದೆ, ಯಾರು ಎಷ್ಟು ಕಳಿಸುತ್ತಿದ್ದಾರೆ ಗೊತ್ತಿಲ್ಲ ಎನ್ನುವವರು ಮೊದಲು ಸೋರ್ಸ್ ಲೈಬ್ರರಿಯಲ್ಲಿ ಆ ಹೆಸರಿನ ಕರೆಗಳನ್ನೆಲ್ಲ ಹುಡುಕಿ ಯೂಸಿಂಗ್ ಎಣಿಸಿ. ಹೆಸರನ್ನು ವೇರಿಯಬಲ್‌ನಲ್ಲಿಟ್ಟು ಮಾಡುವ ಡೈನಾಮಿಕ್ ಕಾಲ್‌ಗಳು ಈ ಹುಡುಕಾಟಕ್ಕೆ ಸಿಗದೆ ತಪ್ಪಿಸಿಕೊಳ್ಳುತ್ತವೆ. ಅವಕ್ಕೆ ವೇರಿಯಬಲ್‌ನ ವ್ಯಾಲ್ಯೂ ಮತ್ತು ಮೂವ್‌ಗಳನ್ನು ಹುಡುಕಬೇಕು. ಪರೀಕ್ಷೆಯಲ್ಲಿ ಕರೆಯುವ ಪ್ರೋಗ್ರಾಂಗಳನ್ನು ಎಂಟರ್‌ಪ್ರೈಸ್ ಕೋಬಾಲ್ 6ರ ಪಾರ್ಮ್‌ಚೆಕ್ ಆಯ್ಕೆಯಿಂದ ಕಂಪೈಲ್ ಮಾಡಿದರೆ ಪ್ರೋಗ್ರಾಂನ ಸ್ವಂತ ಡೇಟಾದ ಜಾಗವಾದ ವರ್ಕಿಂಗ್ ಸ್ಟೋರೇಜ್‌ನ ಕೊನೆಯ ಐಟಂ ಆಚೆ ಕಾವಲು ಬೈಟುಗಳನ್ನಿಟ್ಟು, ಪ್ರತಿ ಕಾಲ್ ಮುಗಿದ ಮೇಲೆ ಅವು ಹಾಗೆಯೇ ಇವೆಯೇ ಎಂದು ನೋಡಲಾಗುತ್ತದೆ. ಕಳಿಸಿದ್ದಕ್ಕಿಂತ ಉದ್ದಕ್ಕೆ ಬರೆಯುವ ಸಬ್‌ರೂಟೀನ್ ಕೆಲವೊಮ್ಮೆ ಹೀಗೆ ಸಿಕ್ಕಿಬೀಳುತ್ತದೆ. ಆದರೆ ಈ ಪತ್ರದ ಮೊದಲಲ್ಲಿ ಹೇಳಿದ, ವರ್ಕಿಂಗ್ ಸ್ಟೋರೇಜ್‌ನ ನಡುವೆಯೇ ಬೀಳುವ 4 ಬೈಟ್ ಸೊನ್ನೆಯನ್ನು ಅದು ಹಿಡಿಯಲಾರದು. ಅದಕ್ಕೆ ಪರೀಕ್ಷೆಯ ಪ್ರೋಗ್ರಾಂ ಒಂದನ್ನು ಬೇರೆ ಬರೆಯಿರಿ: ಮೊದಲು ಮೂರು ಪ್ಯಾರಾಮೀಟರ್‌ನ ಒಂದು ಕರೆ, ಅದರ ಮೂರನೆಯ ಫೀಲ್ಡ್‌ನಲ್ಲಿ 9999 ತುಂಬಿ, ತಕ್ಷಣ ಎರಡೇ ಪ್ಯಾರಾಮೀಟರ್‌ನ ಕರೆ, ನಂತರ ಆ 9999 ಉಳಿದಿದೆಯೇ ಎಂದು ನೋಡಿ. ಸಬ್‌ರೂಟೀನ್ ಬದಲಾದಾಗಲೆಲ್ಲ ಈ ಪರೀಕ್ಷೆ ಓಡಲಿ.

ಕೋಬಾಲ್ ಕಲಿಸುವ ಬಂಧುಗಳು ಕಾಲ್ ಪಾಠದ ದಿನವೇ ಬೋರ್ಡ್ ಮೇಲೆ ಆ ಮೂರು ಪದಗಳ ಪಟ್ಟಿಯನ್ನು ಬರೆದು, ಎರಡು 8ಗಳಲ್ಲಿ ಯಾವುದು ಈಗಿನದು, ಯಾವುದು ಹಿಂದಿನದು ಎಂದು ವಿದ್ಯಾರ್ಥಿಗಳನ್ನು ಕೇಳಬೇಕೆಂದು ಕಳಕಳಿಯಿಂದ ಕೋರುತ್ತೇನೆ.

ಇಂತಿ,
ಒಬ್ಬ ಮೇನ್‌ಫ್ರೇಮ್ ಪ್ರೋಗ್ರಾಮರ್